ಸುಣ್ಣದ ಕೇರಿಯ ದನಿಗೆ ಜಾಗ

ಸುಣ್ಣದ ಕೇರಿಗೆ ದನಿಯ ಜಾಗವನ್ನು ದುಪ್ಪಟ್ಟು ಮಾಡಿಕೊಡಲಾಗಿದೆ ಎಂದು ದನಿಕಚೇರಿಯವರು ಬ್ಯಾನರ್ ಕಟ್ಟಿಸಿದ ದಿನವೇ ನನ್ನ ತಮ್ಮನ ಮಗಳು ಮಿಂಚು ಆ ಬ್ಯಾನರಿನ ಹಗ್ಗಕ್ಕೆ ಕಾಲು ಸಿಕ್ಕಿಸಿಕೊಂಡು ಬಿದ್ದಳು. ಮೊಣಕಾಲಿನ ಚರ್ಮ ಅಂಗೈಯಗಲ ಕಿತ್ತುಬಂತು. ಮಗು ಬಾಯಿ ಅಗಲಿಸಿ, ಕೊರಳ ನರ ಉಬ್ಬಿಸಿ, ಮುಖವೆಲ್ಲ ಕೆಂಪಗೆ ಮಾಡಿಕೊಂಡು ಅತ್ತಿತು. ಯಾರಿಗೂ ಕೇಳಲಿಲ್ಲ. ಅವಳ ತಾಯಿ ಓಬಳಿ ಎರಡೇ ಮಾರು ದೂರದಲ್ಲಿ ಬೆನ್ನು ತಿರುಗಿಸಿ ನಿಂತು ವೇದಿಕೆಯ ಮೇಲಿನ ಭಾಷಣ ಕೇಳುತ್ತಿದ್ದಳು. ಮಗಳ ಕಾಲಿಗೆ ಕಟ್ಟಿದ್ದ ಗೆಜ್ಜೆ ಒದ್ದಾಡಿದ ಸದ್ದು ಕಿವಿಗೆ ಬಿದ್ದಾಗಲೇ ಅವಳು ತಿರುಗಿದ್ದು.

ನಮ್ಮ ಊರಿನಲ್ಲಿ ಹುಟ್ಟಿದ ಮಗುವಿಗೆ ದನಿ ಬರುವುದು ಕಚೇರಿಯ ಯಂತ್ರದಲ್ಲಿ ಅದಕ್ಕೊಂದು ಜಾಗ ಬರೆದ ಮೇಲೆ. ಅಲ್ಲಿಯವರೆಗೆ ಅತ್ತರೂ ನಕ್ಕರೂ ಬರೀ ಬಾಯಿ ಆಡುತ್ತದೆ, ಅಷ್ಟೆ. ಯಂತ್ರ ಇರುವುದು ಒಂದೇ, ಕಚೇರಿಯ ನೆಲಮಾಳಿಗೆಯಲ್ಲಿ. ಅದರ ಹೊಟ್ಟೆಯೊಳಗೆ ಬೀದಿಗೊಂದು ಯಂತ್ರ. ಅವು ಕೈಯಲ್ಲಿ ಮುಟ್ಟಿ ನೋಡುವಂಥ ಯಂತ್ರಗಳಲ್ಲ. ದೊಡ್ಡದೇ ತಾನು ಹಲವಾಗಿದ್ದೇನೆ ಎಂದು ವೇಷ ಹಾಕಿಕೊಂಡು ಕುಣಿಯುತ್ತದೆ. ವರ್ಚುವಲ್ ಮಷೀನ್ ಎಂದು ಅದರ ಹೆಸರು. ಪ್ರತಿ ವೇಷಕ್ಕೂ ಇಷ್ಟೆಂದು ಅಳೆದುಕೊಟ್ಟ ಡಿಸ್ಕು, ಪ್ರತಿ ಬೀದಿಯ ಚಾವಡಿಯಲ್ಲೂ ಒಂದು ಕೀಬೋರ್ಡು, ಒಂದು ಪುಟ್ಟ ಕಪ್ಪು ಪರದೆ. ಮೇಲಿನ ಬೀದಿಯ ಡಿಸ್ಕಿನಲ್ಲಿ ಎಷ್ಟು ಜಾಗ ಬಿದ್ದಿತ್ತೆಂದರೆ ಅಲ್ಲಿಯವರು ಗಿಳಿಗೆ, ನಾಯಿಗೆ, ಬಾಗಿಲಿನ ಗಂಟೆಗೆ ಕೂಡ ದನಿ ಬರೆಸಿಕೊಂಡಿದ್ದರು. ನಮ್ಮದು ಮಿಂಚು ಹುಟ್ಟುವ ಮುಂಚೆಯೇ ತುಂಬಿಹೋಗಿತ್ತು.

ಮಗುವಿನ ಹೆಸರು ಕುಟ್ಟಿದರೆ ಪರದೆಯ ಮೇಲೆ ಒಂದೇ ಸಾಲು: ಡಿಸ್ಕಿನಲ್ಲಿ ಜಾಗವಿಲ್ಲ. ಕಚೇರಿಗೆ ಹೋಗಿ ಕೇಳಿದರೆ, "ಹಳೇ ದನಿ ಅಳಿಸಿ, ಜಾಗ ತಾನಾಗೇ ಆಗುತ್ತೆ" ಎನ್ನುತ್ತಿದ್ದರು. ಅಳಿಸಿಯೂ ಆಯಿತು. ಕೆಂಚಜ್ಜಿ ಮೊಮ್ಮಗನಿಗಾಗಿ ತನ್ನ ದನಿ ಅಳಿಸಿಕೊಂಡಳು. ಅದಕ್ಕೆ ದನಿದಾನ ಎಂದು ಹೆಸರಿಟ್ಟು, ಶಾಲು ಹೊದಿಸಿ, ಅವಳ ಜೊತೆ ಫೋಟೋ ತೆಗೆಸಿಕೊಂಡು ಹೋದರು. ಈಗ ನೀರು ಬೇಕಾದರೂ ಆ ಮುದುಕಿ ಚೊಂಬನ್ನು ನೆಲಕ್ಕೆ ಬಡಿಯಬೇಕು. ಹನುಮಕ್ಕನ ಮಗನಿಗೆ ದಾನ ಕೊಡುವ ಅಜ್ಜಿಯೂ ಇರಲಿಲ್ಲ. ಹೋದ ಬೇಸಿಗೆಯಲ್ಲಿ ಅವನು ಸುಣ್ಣ ಅರಳಿಸುವ ಹೊಂಡಕ್ಕೆ ಜಾರಿದ. ಹೊಂಡದ ಆಚೆ ದಡದಲ್ಲಿ ನಮ್ಮವರೇ ಕೂತು ಬೀಡಿ ಸೇದುತ್ತಿದ್ದರು. ಅವನು ಕೂಗಿಕೊಂಡಿರಲೇಬೇಕು. ಆಮೇಲೆಯೇ ಕೇರಿಯ ದನಿಯಿಲ್ಲದ ಮಕ್ಕಳಿಗೆಲ್ಲ ಗೆಜ್ಜೆ ಕಟ್ಟಿದ್ದು, ದನಕ್ಕೆ ಕಟ್ಟಿದ ಹಾಗೆ. ಹಬ್ಬಕ್ಕಲ್ಲ, ಹೆಣ ಆಗದಿರಲಿ ಎಂದು.

ಆದ್ದರಿಂದ ಬ್ಯಾನರ್ ನೋಡಿದಾಗ ನಮಗೆ ಆದ ಸಂತೋಷ ಸಣ್ಣದಲ್ಲ. ರಕ್ತ ಸೋರುವ ಮಗುವನ್ನು ಕಂಕುಳಲ್ಲಿ ಹಾಕಿಕೊಂಡು ಓಬಳಿ ನೇರ ಚಾವಡಿಗೆ ನುಗ್ಗಿದಳು. ನಾನು ವೇದಿಕೆ ಇಳಿಯುತ್ತಿದ್ದ ಮುಖ್ಯಾಧಿಕಾರಿ ಜಯಂತರನ್ನೂ ಅವರ ಇಂಜಿನಿಯರ್ ಸುಕುಮಾರನನ್ನೂ ಅಡ್ಡಗಟ್ಟಿ ಅಲ್ಲಿಗೇ ಕರೆದುಕೊಂಡು ಹೋದೆ. "ನಿಮ್ಮ ಎದುರಿಗೇ ಮೊದಲ್ನೇ ಹೆಸರು ಬರೀತೀವಿ ಸಾರ್" ಎಂದು ಮಿಂಚುವಿನ ಹೆಸರು ಕುಟ್ಟಿದೆ. ಡಿಸ್ಕಿನಲ್ಲಿ ಜಾಗವಿಲ್ಲ.

"ಇದೇನ್ ಸಾರ್?"

ಜಯಂತರು ಸುಕುಮಾರನ ಮುಖ ನೋಡಿದರು. ಸುಕುಮಾರ ಕನ್ನಡಕ ಒರೆಸಿಕೊಂಡ. "ನೋಡಿಮ್ಮ, ಹೊರಗಡೆಯಿಂದ ನಾವು ಡಿಸ್ಕ್ ದೊಡ್ಡದು ಮಾಡಿದೀವಿ. ಅದು ಆಗಿದೆ. ಒಳಗಡೆ ಹಿಗ್ಗಿಸ್ಕೊಳ್ಳೋದು ನಿಮ್ಮ ಕೇರಿಯವರ ಕೆಲಸ."

"ಹಿಗ್ಗಿಸೋದು ಹೆಂಗೆ?"

"ಕಮಾಂಡ್ ಇರುತ್ತೆ."

"ಹೇಳ್ಕೊಡಿ."

"ಅದು ನಮ್ಮ ವ್ಯಾಪ್ತಿಗೆ ಬರಲ್ಲ."

ಬಾಗಿಲಲ್ಲಿ ಸೊಪ್ಪಿನ ಬುಟ್ಟಿ ಇಳಿಸಿ ನಿಂತಿದ್ದ ಹಂಪಣ್ಣ ಅಲ್ಲಿಂದಲೇ ಕೂಗಿದ. ಬೀದಿಬೀದಿ ತಿರುಗಿ ಸೊಪ್ಪು ಮಾರುವವನ ಗಂಟಲು ಅದು, ಪಿಸುಮಾತು ಆಡಿದರೂ ಮೂರು ಮನೆಗೆ ಕೇಳುತ್ತದೆ. "ಹೊರಗ್ಲ ಗೋಡೆ ಕಟ್ಕೊಟ್ಟಿದೀವಿ, ಬಾಗ್ಲು ಮಾತ್ರ ನಿಮ್ಮ ಹಣೇಬರ ಅಂದಂಗಾತು. ಚಪ್ಪಾಳೆ ತಟ್ರಪ್ಪೋ!"

ಜಯಂತರು ಅವನತ್ತ ತಿರುಗಲಿಲ್ಲ. ನನಗೇ ಹೇಳಿದರು, ಬಹಳ ಮೃದುವಾಗಿ: "ಕೊಟ್ಟಿದ್ದನ್ನ ಬಳಸಿಕೊಳ್ಳೋಕೆ ಕಲೀಬೇಕಮ್ಮ ನೀವು." ಕಾರು ಹತ್ತಿದರು. ಬ್ಯಾನರ್ ಅಲ್ಲೇ ಬಿಟ್ಟು ಹೋದರು.

ಆ ಮಾತು ನನ್ನ ಎದೆಯೊಳಗೆ ಸುಡುಸುಣ್ಣದ ಹಾಗೆ ಕೂತಿತು. ಕಲಿಯುವುದು ನಮಗೆ ಗೊತ್ತಿಲ್ಲದ್ದಲ್ಲ. ಸುಣ್ಣ ಸುಡುವ ಗೂಡಿನ ದಿನದ ಕೆಲಸ ಮುಗಿದ ಮೇಲೆ ಚಾವಡಿಯಲ್ಲಿ ನಾವು ನಡೆಸುವ ಓದುಕಟ್ಟೆಗೆ ನನ್ನಷ್ಟೇ ವಯಸ್ಸು. ಕಾದಂಬರಿಯಿಂದ ಹಿಡಿದು ಔಷಧಿ ಬಾಟಲಿಯ ಮೇಲಿನ ಚೀಟಿಯವರೆಗೆ ಅಲ್ಲಿ ಓದದ್ದಿಲ್ಲ. ಕಟ್ಟೆಯ ಕಟ್ಟಳೆ ಒಂದೇ: ಒಬ್ಬರು ಒಂದು ವಾಕ್ಯ ಗಟ್ಟಿಯಾಗಿ ಓದಬೇಕು, ಇನ್ನೊಬ್ಬರು ಅದನ್ನು ತಮ್ಮ ಮಾತಿನಲ್ಲಿ ತಿರುಗಿ ಹೇಳಬೇಕು, ಮೂರನೆಯವರು ಹೌದು ಎನ್ನುವವರೆಗೆ ಮುಂದಿನ ವಾಕ್ಯಕ್ಕೆ ಹೋಗುವಂತಿಲ್ಲ. ಈ ಕಟ್ಟಳೆಯಲ್ಲಿ ನಾವು ಒಮ್ಮೆ ಕೂಲಿ ಕಾಯಿದೆಯನ್ನು ಇಡೀ ಮಳೆಗಾಲ ಓದಿದ್ದೆವು. ಈಗ ಯಂತ್ರದೊಳಗೇ ಇದ್ದ ಕೈಪಿಡಿಯನ್ನು ಪರದೆಗೆ ಕರೆದು ಓದತೊಡಗಿದೆವು.

ಓದುತ್ತ ಓದುತ್ತ ತಿಳಿಯಿತು. ಡಿಸ್ಕು ದೊಡ್ಡದಾಗಿದ್ದೇನೋ ನಿಜ. ನಮ್ಮ ದನಿಗಳಿರುವ ಪಾರ್ಟಿಷನ್ ಮಾತ್ರ ಹಳೆಯ ಗಡಿಯಲ್ಲೇ ನಿಂತಿತ್ತು. ನಾವು ಅದನ್ನು ಹಿಸ್ಸೆ ಎಂದೆವು, ಹೊಲ ಪಾಲಾದಾಗ ಅನ್ನುವ ಹಾಗೆ. ಕಚೇರಿ ಕೊಟ್ಟ ಹೊಸ ಜಾಗ ಹಿಸ್ಸೆಯ ಗಡಿಯಾಚೆ ಬೀಳುಬಿದ್ದಿತ್ತು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನುತ್ತಾರಲ್ಲ, ಇಲ್ಲಿ ಇಬ್ಬರೂ ಒಂದೇ ಸಂಬಳದವರು. ಗಡಿಯನ್ನು ಆಚೆ ಸರಿಸಬೇಕು, ಆಮೇಲೆ ದನಿಗಳ ಕಣಜವನ್ನು ಹೊಸ ಗಡಿಯವರೆಗೆ ಹಿಗ್ಗಿಸಬೇಕು. ಇಷ್ಟೇ ಆಗಿದ್ದರೆ ಅಂದೇ ಮುಗಿಯುತ್ತಿತ್ತು. ಆದರೆ ನಮ್ಮ ಯಂತ್ರದಲ್ಲಿದ್ದ ಹಳೆಯ ಸಲಕರಣೆಗೆ ಗಡಿ ಸರಿಸಲು ಬರುತ್ತಿರಲಿಲ್ಲ. ಇದ್ದ ಹಿಸ್ಸೆಯನ್ನು ಅಳಿಸಿ, ಅದೇ ಜಾಗದಿಂದ ಶುರುವಾಗುವ ಹಾಗೆ ಹೊಸದಾಗಿ, ದೊಡ್ಡದಾಗಿ ಬರೆಯಬೇಕಿತ್ತು. ಗೆರೆ ಮಾತ್ರ ಅಳಿಯುತ್ತದೆ, ಒಳಗಿನದು ಅಳಿಯುವುದಿಲ್ಲ ಎಂದು ಕೈಪಿಡಿ ಹೇಳುತ್ತಿತ್ತು. ಅದು ಮುಗಿಯುವವರೆಗೆ ದನಿಗಳನ್ನೆಲ್ಲ ಯಂತ್ರದಿಂದ ಕೆಳಗಿಳಿಸಿ ಇಡಬೇಕು. ಎಂದರೆ ಅಷ್ಟು ಹೊತ್ತು ಇಡೀ ಸುಣ್ಣದ ಕೇರಿ ಮೂಕವಾಗಿರಬೇಕು.

ಈ ವಾಕ್ಯವನ್ನು ತಮ್ಮ ಮಾತಿನಲ್ಲಿ ತಿರುಗಿ ಹೇಳಲು ಆ ದಿನ ಕಟ್ಟೆಯಲ್ಲಿ ಒಬ್ಬರೂ ಬಾಯಿ ತೆರೆಯಲಿಲ್ಲ.

ಮಾರನೆಯ ದಿನ ಕೇರಿಯ ಸಭೆ ಕರೆದೆವು. ಹಂಪಣ್ಣನೇ ಮೊದಲು ಎದ್ದು ನನ್ನತ್ತ ತಿರುಗಿದ. "ನೋಡು ಈರಕ್ಕ, ನಿಮ್ಮ ಮಗೀನ ಸಂಕ್ಟ ನಂಗೂ ಗೊತ್ತು. ಆದ್ರೆ ನನ್ನ ಅನ್ನ ಇರೋದು ಈ ಗಂಟ್ಲಾಗೆ. ಅಳಿಸ್ತೀವಿ ಅಂತೀರ. ತಿರುಗಿ ಬರ್ದೇ ಹೋದ್ರೆ? ಮೂಗ ಸೊಪ್ಪು ಮಾರಿದ್ರೆ ಯಾವೋಳು ಬಾಗ್ಲು ತೆಗೀತಾಳೆ?"

ಹಲವರು ತಲೆಯಾಡಿಸಿದರು. ಅವನ ಮಾತಿನಲ್ಲಿ ಸುಳ್ಳೇನಿರಲಿಲ್ಲ. ನನಗೆ ಸಿಟ್ಟು ಬಂದದ್ದು ಅವನ ಮೇಲಲ್ಲ. ನಮ್ಮ ಮಕ್ಕಳ ದನಿಗಾಗಿ ನಮ್ಮ ದನಿಯನ್ನೇ ಪಣಕ್ಕಿಡುವ ಹಾಗೆ ಮಾಡಿ, ಎದುರುಬದುರು ನಿಲ್ಲಿಸಿ, ತಾವು ತಣ್ಣಗಿನ ನೆಲಮಾಳಿಗೆಯಲ್ಲಿ ಕೂತವರ ಮೇಲೆ. ಮೇಲಿನ ಬೀದಿಯ ಗಿಳಿಗೆ ಜಾಗ ಮಾಡಲು ಯಾರನ್ನಾದರೂ ಮೂಗರನ್ನಾಗಿ ಮಾಡಿದ್ದರೇ?

ಓಬಳಿ ಮಗಳನ್ನು ಎತ್ತಿಕೊಂಡು ಹಂಪಣ್ಣನ ಮುಂದೆ ಬಂದು ನಿಂತಳು. ಬೇಡಿಕೊಳ್ಳುತ್ತಾಳೆ ಎಂದುಕೊಂಡೆ. ಅವಳು ಬೇಡಲಿಲ್ಲ. "ಹಂಪಣ್ಣ, ನಿನ್ನ ಗಂಟ್ಲು ಹೋದ್ರೆ ನಾನು ನಿನ್ನ ಜೊತೆ ಬೀದಿ ತಿರುಗಿ ಸೊಪ್ಪು ಸೊಪ್ಪು ಅಂತ ಕೂಗ್ತೀನಿ ಅನ್ನೋಣ ಅಂದ್ರೆ ನಂದೂ ಹೋಗಿರ್ತದೆ. ಅದ್ಕೇ ಆಣೆ ಭಾಷೆ ಏನೂ ಇಲ್ಲ. ಹೊಂಡದ ಆಚೆ ದಡದಾಗೆ ಅವತ್ತು ನೀನೂ ಕೂತಿದ್ದೆ. ಅಷ್ಟೇ ನಾ ಹೇಳೋದು."

ಹಂಪಣ್ಣ ಬಗ್ಗಿ ಬುಟ್ಟಿಯೊಳಗಿನ ಸೊಪ್ಪನ್ನು ಸರಿಮಾಡಿದ. ಆಮೇಲೆ ನೀರು ಚಿಮುಕಿಸಿ, ಗೋಣಿ ಮುಚ್ಚಿದ. "ಮಾಡ್ರಿ. ಆದ್ರೆ ನಾ ಇಲ್ಲೇ ಕಿಟಕಿ ತಾವ ನಿಂತ್ಕಂತೀನಿ. ಕಣ್ಣೆದುರ್ಗೇ ಮಾಡ್ರಿ."

ಅದೇ ಮಧ್ಯಾಹ್ನ ಕೂತೆವು. ಕೀಲಿ ಒತ್ತುವವಳು ನಾನು. ಕಟ್ಟೆಯವರು ಸುತ್ತ, ಉಳಿದವರು ಕಿಟಕಿ ಬಾಗಿಲುಗಳ ತುಂಬ. ಮೊದಲು ಇದ್ದ ಹಿಸ್ಸೆಯ ವಿವರ ಕರೆಸಿ ಗಟ್ಟಿಯಾಗಿ ಓದಿದೆ: "ಶುರು, ಅರವತ್ಮೂರು."

"ನಮ್ಮ ಹಿಸ್ಸೆ ಅರವತ್ಮೂರ್ನೇ ಮನೆಯಿಂದ ಶುರು ಆಗ್ತದೆ" ಎಂದು ಓಬಳಿ ತಿರುಗಿ ಹೇಳಿದಳು.

ಕಿಟಕಿಯಲ್ಲಿ ಹಂಪಣ್ಣ ಸೊಪ್ಪು ಕೂಗುವ ರಾಗದಲ್ಲೇ ಅಣಕಿಸಿದ: "ಅರವತ್ಮೂರಕ್ಕೊಂದು, ಅರವತ್ಮೂರಕ್ಕೊಂದು! ಬರ್ರವ್ವೋ, ಬಾಡಿದ್ ಮೇಲೆ ಬೈಬ್ಯಾಡ್ರೀ!" ಜನ ನಕ್ಕರು. ಭಯದ ನಗು. ನಾನು ದನಿಗಳನ್ನು ಕೆಳಗಿಳಿಸುವ ಕಮಾಂಡ್ ಕುಟ್ಟಿದೆ. ನಗು ಅರ್ಧಕ್ಕೇ ನಿಂತಿತು, ಹಲ್ಲುಗಳು ಮಾತ್ರ ಕಾಣುತ್ತಿದ್ದವು.

ಆ ಮೌನವನ್ನು ಹೇಗೆ ಹೇಳಲಿ. ಮಿಂಚು ಒಬ್ಬಳೇ ಏನೂ ಆಗಿಲ್ಲವೆಂಬಂತೆ ಗೆಜ್ಜೆ ಆಡಿಸಿಕೊಂಡು ಓಡಾಡಿದಳು. ಅವಳಿಗೆ ಅದು ದಿನದ ಬದುಕು.

ಡಿ ಒತ್ತಿದೆ. ಹಿಸ್ಸೆ ಅಳಿಯಿತು. ಹೊಸದಕ್ಕೆ ಎನ್ ಒತ್ತಿದೆ. ಎಲ್ಲಿಂದ ಶುರು ಎಂದು ಯಂತ್ರ ಕೇಳಿತು. ಕೇಳಿ, ಉತ್ತರವನ್ನೂ ತಾನೇ ಮುಂದಿಟ್ಟಿತು: ಎರಡು ಸಾವಿರದ ನಲವತ್ತೆಂಟು. ಒಪ್ಪಿಗೆಯಾದರೆ ಬರೀ ಎಂಟರ್ ಒತ್ತಿ.

ನಾನು ಒತ್ತಿಬಿಟ್ಟೆ.

ಬೇರೆ ದಿನವಾಗಿದ್ದರೆ ಆ ಸಾಲನ್ನು ಗಟ್ಟಿಯಾಗಿ ಓದುತ್ತಿದ್ದೆ, ಇನ್ನೊಬ್ಬರು ತಿರುಗಿ ಹೇಳುತ್ತಿದ್ದರು, ಮೂರನೆಯವರು ತಡೆಯುತ್ತಿದ್ದರು. ಈಗ ಓದಲು ದನಿಯೇ ಇರಲಿಲ್ಲ. ಆದರೆ ಅದೊಂದೇ ಕಾರಣವಲ್ಲ. ಕಚೇರಿ ಒಂದನ್ನು ಬರೆದು ಮುಂದಿಟ್ಟರೆ ಅದರ ಕೆಳಗೆ ಹೆಬ್ಬೆಟ್ಟು ಒತ್ತುವುದು ನಮ್ಮ ಮುತ್ತಜ್ಜಂದಿರ ಕಾಲದಿಂದ ಕೈಗೆ ಅಂಟಿದ ಚಾಳಿ. ಕೊಟ್ಟ ಕೂಲಿ, ಕೊಟ್ಟ ನಿವೇಶನ, ಕೊಟ್ಟ ಹೆಸರು. ಓದುಕಟ್ಟೆಯಲ್ಲಿ ಕೂತು ಇಷ್ಟು ವರ್ಷ ಓದಿದರೂ ನನ್ನ ಬೆರಳಿಗೆ ಆ ಪಾಠ ತಲುಪಿರಲಿಲ್ಲ.

ದನಿಗಳನ್ನು ಮೇಲೇರಿಸುವ ಕಮಾಂಡ್ ಕೊಟ್ಟೆ. ಪರದೆ ಹೇಳಿತು: ಈ ಹಿಸ್ಸೆಯಲ್ಲಿ ಗುರುತಿಸಬಹುದಾದದ್ದು ಏನೂ ಇಲ್ಲ.

ಇನ್ನೊಮ್ಮೆ ಕೊಟ್ಟೆ. ಏನೂ ಇಲ್ಲ.

ಪರದೆ ಓದಬಲ್ಲವರ ಮುಖ ನೋಡಿಯೇ ಓದಲಾರದವರಿಗೂ ತಿಳಿಯಿತು. ಬಾಗಿಲಲ್ಲಿದ್ದವರು ಒಳಗೆ ನುಗ್ಗಿದರು. ಎಲ್ಲರ ಬಾಯಿಯೂ ಆಡುತ್ತಿತ್ತು, ಒಬ್ಬರದೂ ಕೇಳುತ್ತಿರಲಿಲ್ಲ. ಒಬ್ಬಳು ತನ್ನ ಕೊರಳನ್ನೇ ಹಿಡಿದುಕೊಂಡು ಕುಸಿದಳು. ಯಾರೋ ನನ್ನ ಭುಜ ಹಿಡಿದು ಜಗ್ಗಿದರು. ಓಬಳಿ ನನಗೂ ಅವರಿಗೂ ನಡುವೆ ತನ್ನ ಮೈಯನ್ನೇ ಅಡ್ಡ ಇಟ್ಟಳು. ಹಂಪಣ್ಣ ಕಿಟಕಿಯ ಸರಳುಗಳ ನಡುವೆ ಮುಖ ತುರುಕಿ ನನ್ನನ್ನು ಬೈಯುತ್ತಿದ್ದ. ತುಟಿ ನೋಡಿದರೆ ಸಾಕು, ಒಂದೊಂದು ಬೈಗುಳವೂ ಸ್ಪಷ್ಟವಾಗಿತ್ತು. ನಾನು ತಲೆ ತಗ್ಗಿಸಿದೆ.

ಅವನು ಸರಳಿಗೆ ಗುದ್ದಿದ. ತಲೆ ಎತ್ತಿದೆ. ಅವನೀಗ ಬೈಯುತ್ತಿರಲಿಲ್ಲ. ಪರದೆಯ ಮೇಲಿದ್ದ ಹೊಸ ಹಿಸ್ಸೆಯ ವಿವರದ ಕಡೆಗೆ ಗದ್ದ ಚಾಚಿ ತೋರಿಸುತ್ತಿದ್ದ. ಶುರು ಎಂಬಲ್ಲಿನ ಅಂಕಿಯ ಉದ್ದ ನೋಡಿಯೇ ಅವನಿಗೆ ಅನುಮಾನ ಬಂದಿರಬೇಕು. ಸಂತೆಯ ಗದ್ದಲದಲ್ಲಿ ದರ ಹೇಳುವಾಗ ಮಾಡುವಂತೆ ಎರಡೂ ಕೈ ಎತ್ತಿ ಬೆರಳು ಬಿಡಿಸಿದ. ಆರು. ಮಡಚಿದ. ಮೂರು. ಮತ್ತೆ ಆರು, ಮೂರು. ಬಾಗಿಲಲ್ಲಿದ್ದ ಹೆಂಗಸರಿಗೂ ಹೊಳೆಯಿತು. ಅವರೂ ಕೈ ಎತ್ತಿದರು. ಆ ಚಾವಡಿಯ ತುಂಬ ಸುಣ್ಣ ತಿಂದು ಒಡೆದ ಬೆರಳುಗಳು, ಆರು, ಮೂರು, ಆರು, ಮೂರು.

ನಮ್ಮ ಕೇರಿ ಶುರುವಾಗುವುದು ಕಚೇರಿ ಹೇಳುವ ಜಾಗದಿಂದಲ್ಲ. ಅದಕ್ಕಿಂತ ಎಷ್ಟೋ ಮುಂಚಿನಿಂದ. ತಪ್ಪು ಗೆರೆಯನ್ನು ಅಳಿಸಿದೆ, ಮತ್ತೆ ಎನ್ ಒತ್ತಿದೆ, ಅರವತ್ಮೂರು ಎಂದು ಕುಟ್ಟಿದೆ.

ಯಂತ್ರ ಒಪ್ಪಲಿಲ್ಲ. ಎರಡು ಸಾವಿರದ ನಲವತ್ತೆಂಟಕ್ಕಿಂತ ಕಡಿಮೆ ಆಗದು ಎಂದಿತು. ಕಚೇರಿಯಲ್ಲಿ ಕೇಳಿದ ದನಿಯೇ ಅದು, ದನಿಯಿಲ್ಲದ ಅಕ್ಷರಗಳಲ್ಲೂ ಗುರುತು ಹತ್ತಿತು. ಕೈಪಿಡಿ ತೆರೆದೆವು. ಗಟ್ಟಿಯಾಗಿ ಓದಲಾಗದ್ದಕ್ಕೆ ಸಾಲಿನ ಕೆಳಗೆ ನಾನು ಬೆರಳಿಟ್ಟೆ, ಓಬಳಿ ತಾನೂ ಇಟ್ಟಳು, ಮೂರನೆಯವರು ಇಟ್ಟರು, ಆಮೇಲೆ ಮುಂದಿನ ಸಾಲು. ಹಾಗೆ ಇಳಿಯುತ್ತ ಇಳಿಯುತ್ತ ಸಿಕ್ಕಿತು: ಹಳೆಯ ಡಿಸ್ಕುಗಳಿಗೆ ಹಳೆಯ ರೂಢಿ ಉಂಟು, ಸಿ ಒತ್ತಿದರೆ ಅದು ಜಾರಿಗೆ ಬರುತ್ತದೆ. ಮೂರು ಬೆರಳೂ ಆ ಸಾಲಿನ ಮೇಲೆ ಕೂಡಿದವು. ಸಿ ಒತ್ತಿದೆ. ಪರದೆ ಎಚ್ಚರಿಕೆ ಕೊಟ್ಟಿತು: ಈ ರೂಢಿ ಕಾಲಬಾಹಿರವಾಗಿದೆ.

ನಮ್ಮ ಹುಟ್ಟೇ ಕಾಲಬಾಹಿರವಂತೆ! ದನಿ ಇದ್ದಿದ್ದರೆ ಆ ಯಂತ್ರದ ಮುಖಕ್ಕೆ ಉಗಿಯುವ ಹಾಗೆ ಬೈಯುತ್ತಿದ್ದೆ. ಇರಲಿಲ್ಲವಾಗಿ ಅರವತ್ಮೂರನ್ನೇ ಅದರ ಮೇಲೆ ಗುದ್ದಿದೆ, ಆರು, ಮೂರು. ಈ ಸಲ ಒಪ್ಪಿತು. ಕೊನೆ ಎಲ್ಲಿ ಎಂದಾಗ ಕಚೇರಿ ಬ್ಯಾನರಿನಲ್ಲಿ ಬರೆಸಿದ ಜಾಗವೆಲ್ಲ ಎಲ್ಲಿ ಮುಗಿಯುತ್ತದೋ ಅಲ್ಲಿಯವರೆಗೆ ಎಳೆದೆ. ಬರೆಸಿದೆ. ದನಿಗಳನ್ನು ಮೇಲೇರಿಸಿದೆ. ಕೊನೆಯ ಕಮಾಂಡ್, ಕಣಜ ಹಿಗ್ಗಿಸುವುದು, ಅದನ್ನೂ ಕುಟ್ಟಿದೆ. ಆದರೆ ಅದು ಮುಗಿಯಿತೋ ಇಲ್ಲವೋ ಎಂದು ಪರದೆ ನೋಡುವ ಅಗತ್ಯ ಬೀಳಲಿಲ್ಲ. ಕಿಟಕಿಯಿಂದ ಹಂಪಣ್ಣ ತಾನು ಎಲ್ಲಿಗೆ ನಿಲ್ಲಿಸಿದ್ದನೋ ಅಲ್ಲಿಂದಲೇ ಬೈಗುಳ ಮುಂದುವರಿಸಿದ. ನನ್ನ ಮೂರು ತಲೆಮಾರನ್ನು ತೊಳೆದ. ಅಷ್ಟು ಚೆಂದದ ಬೈಗುಳ ನಾನು ಕೇಳಿರಲಿಲ್ಲ. ಚಾವಡಿಗೆ ಚಾವಡಿಯೇ ಕಿರುಚಿತು.

"ಮಗೀನ ಹೆಸ್ರು, ಅಕ್ಕ! ಮಗೀನ ಹೆಸ್ರು!" ಎಂದು ಓಬಳಿ ನನ್ನ ಬೆನ್ನು ಗುದ್ದುತ್ತಿದ್ದಳು. ಕುಟ್ಟಿದೆ. ಪರದೆ ಏನೂ ಹೇಳಲಿಲ್ಲ. ಒಪ್ಪಿಕೊಂಡಾಗ ಅದು ಸುಮ್ಮನಿರುತ್ತದೆ.

ಮಿಂಚು ನೆಲದ ಮೇಲೆ ಕೂತು ಮೊಣಕಾಲಿನ ಹೊಪ್ಪಳೆ ಕೀಳುತ್ತಿದ್ದಳು. ಎಲ್ಲರೂ ತನ್ನನ್ನೇ ನೋಡುತ್ತಿರುವುದು ಕಂಡು ತುಟಿ ಬಿಚ್ಚಿದಳು. ಅವಳ ಗಂಟಲಿಂದ ಏನೋ ಹೊರಟಿತು, ಎಣ್ಣೆ ಕಾಣದ ಬಾಗಿಲ ಕೀಲಿನ ಹಾಗೆ. ಅದು ತನ್ನೊಳಗಿಂದ ಬಂತೆಂದು ಅವಳಿಗೆ ಗೊತ್ತಾಗಲಿಲ್ಲ. ಬೆದರಿ ಹಿಂದೆ ತಿರುಗಿ ನೋಡಿದಳು. ಮತ್ತೆ ಬಂತು. ಆಗ ಅಳತೊಡಗಿದಳು. ತನ್ನ ಅಳುವಿಗೆ ತಾನೇ ಹೆದರಿ ಇನ್ನೂ ಜೋರಾಗಿ ಅತ್ತಳು. ನಾನು ಒಂದೊಂದೇ ಹೆಸರು ಕುಟ್ಟುತ್ತ ಹೋದ ಹಾಗೆ ಕೇರಿಯ ಮನೆಮನೆಯಿಂದಲೂ ಮಕ್ಕಳ ಕೂಗು ಏಳತೊಡಗಿತು.

ಆ ಗದ್ದಲ ಕಚೇರಿಯವರೆಗೆ ಮುಟ್ಟಿರಬೇಕು. ಬಿಸಿಲು ಇಳಿಯುವಷ್ಟರಲ್ಲಿ ಜಯಂತರ ಕಾರು ಬಂತು. ಜೊತೆಗೆ ಸುಕುಮಾರ, ಒಂದು ಕ್ಯಾಮೆರಾ, ಒಂದು ಮೈಕು, ಒಂದು ಹಾರ. ಅದೇ ಬ್ಯಾನರಿನ ಕೆಳಗೆ ನಿಂತು, "ಕಚೇರಿಯ ಮಹತ್ವದ ಯೋಜನೆ ಇಂದು ಫಲ ಕೊಟ್ಟಿದೆ" ಎಂದು ಶುರು ಮಾಡಿದರು. ಅಲ್ಲಿಂದ ಮುಂದೆ ಒಂದು ಮಾತೂ ಕೇಳಲಿಲ್ಲ. ಮುಂದಿನ ಸಾಲಿನಲ್ಲೇ ಓಬಳಿಯ ಸೊಂಟದ ಮೇಲೆ ಕೂತು ಮಿಂಚು ಅಳುತ್ತಿದ್ದಳು. ಮೈಕಿನ ಸದ್ದು ಏರಿಸಿದರು. ಅವಳೂ ಏರಿಸಿದಳು. ಜನ ಮೈಕನ್ನೂ ಹಾರವನ್ನೂ ಮರೆತು ಆ ಮಗುವನ್ನೇ ನೋಡುತ್ತಿದ್ದರು.

ಜಯಂತರು ನಗುತ್ತಲೇ ಬಗ್ಗಿದರು. "ಮಗೂನ ಸ್ವಲ್ಪ ಸುಮ್ಮನಿರಿಸಮ್ಮ. ಎರಡು ಮಾತಾಡಿ ಹೋಗ್ತೀವಿ."

ಓಬಳಿ ಮಗಳನ್ನು ಒಂದು ಸೊಂಟದಿಂದ ಇನ್ನೊಂದು ಸೊಂಟಕ್ಕೆ ಬದಲಿಸಿಕೊಂಡಳು. "ಸುಮ್ಕಿರಿಸೋ ಕೆಲ್ಸ ನಿಮ್ದು ಸ್ವಾಮಿ. ಇವ್ಳು ಹುಟ್ಟಿದಾಗಿನಿಂದ ಚೆನ್ನಾಗೇ ಮಾಡ್ಕಂಡು ಬಂದ್ರಿ. ನಂಗೆ ಅದು ಬರಲ್ಲ."

ಜಯಂತರು ನೆಟ್ಟಗಾದರು, ಮೈಕನ್ನು ಬಾಯಿಯ ಹತ್ತಿರ ತಂದುಕೊಂಡರು. ಮಿಂಚು ಉಸಿರು ಎಳೆದುಕೊಳ್ಳಲು ಒಂದು ಗಳಿಗೆ ನಿಂತಳು. ಆ ಗಳಿಗೆಯಲ್ಲಿ ಅವರು ಏನಾದರೂ ಹೇಳಬಹುದಿತ್ತು. ಬಾಯಿ ತೆರೆದರು. ಅಷ್ಟರಲ್ಲಿ ಮಗು ಮತ್ತೆ ಶುರು ಮಾಡಿತು, ಯಾರೂ ಸಮಾಧಾನ ಮಾಡಲು ಹೋಗಲಿಲ್ಲ.